ಚಮಚ ಅಂದ್ರೆ ಯಾವ ಚಮಚ?

ಈ ಸಲ ಬಂದ ಪತ್ರಗಳನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಕೂತು ಓದಿದೆ. ಹೆಚ್ಚುಕಮ್ಮಿ ಎಲ್ಲರೂ ಕೇಳಿರುವುದು ‘ಯಾವ ಔಷಧಿ ಕೊಡಲಿ’ ಅಂತ. ‘ಎಷ್ಟು ಕೊಡಲಿ’ ಅಂತ ಕೇಳಿದವರು ಒಬ್ಬರೇ ಒಬ್ಬರು. ತಿಪಟೂರಿನಲ್ಲಿ ಮಕ್ಕಳ ಕ್ಲಿನಿಕ್ ಶುರು ಮಾಡಿ ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಸ್ಟೆತಾಸ್ಕೋಪು ಮೂರು ಬದಲಾಗಿವೆ, ತೂಕದ ಯಂತ್ರ ಏಳು. ಬಂದ ಮಗುವನ್ನು ಮೊದಲು ತೂಕಕ್ಕೆ ಹಾಕುತ್ತೇನೆ, ಆಮೇಲೆ ಮಾತು. ಕೊಬ್ಬರಿ ಹರಾಜಿಗೆ ಬಂದವರು ಹಾಗೇ ಮಗುವನ್ನೂ ತೋರಿಸಿಕೊಂಡು ಹೋಗಲು ಬಂದಾಗ ‘ಡಾಕ್ಟರಮ್ಮ, ನಿಮ್ದೂ ನಮ್ಮ ಮಂಡಿ ಥರಾನೇ, ತೂಕ ಹಾಕದೆ ಮಾತಿಲ್ಲ’ ಅಂತ ನಗುತ್ತಾರೆ. ಹಾಗೇ ಅಂದುಕೊಳ್ಳಿ. ಆ ಒಬ್ಬರ ಪತ್ರದಿಂದಲೇ ಶುರು ಮಾಡುತ್ತೇನೆ.

*

ಮಗಳಿಗೆ ಎರಡು ವರ್ಷ, ತೂಕ 10 ಕೆ.ಜಿ. ಮೊನ್ನೆ 102 ಡಿಗ್ರಿ ಜ್ವರ ಬಂತು. ಪ್ಯಾರಾಸಿಟಮಾಲ್ ಒಂದು ಚಮಚ ಕೊಟ್ಟೆವು. ಇಳಿದು 100ಕ್ಕೆ ನಿಂತಿತು, ಮತ್ತೆ ಏರಿತು. ಮೆಫೆನಾಮಿಕ್ ಇರುವ ಸಿರಪ್ಪನ್ನೂ ಮಧ್ಯೆ ಮಧ್ಯೆ ಕೊಡಿ ಅಂತ ಮೆಡಿಕಲ್ ಶಾಪಿನವರು ಅಂದರು. ಸರಿಯಾಗಿ ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೆ?
– ಒಬ್ಬ ತಂದೆ, ಕೆಂಗೇರಿ

ಒಂದು ಚಮಚ ಅಂದಿರಿ. ಯಾವ ಚಮಚ?

ರೇಗಬೇಡಿ, ಇದನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಹೊನ್ನವಳ್ಳಿ ಕಡೆಯ ಒಬ್ಬ ತಾಯಿ ಬಂದಿದ್ದರು. ‘ಎಲ್ಲಾ ಔಷಧಿ ಕೊಟ್ಟೆ ಮೇಡಂ, ಜ್ವರ ಬಿಡ್ತಿಲ್ಲ’ ಅಂತ ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲೆ ಸುರಿದರು. ಮೂರು ಬಾಟಲಿ. ಬಣ್ಣ ಬೇರೆ, ಹೆಸರು ಬೇರೆ, ಮೂರರಲ್ಲೂ ಇದ್ದದ್ದು ಪ್ಯಾರಾಸಿಟಮಾಲೇ. ಒಂದು ಡ್ರಾಪ್ಸ್, ಅದರಲ್ಲಿ 1 ಎಂ.ಎಲ್.ಗೆ 100 ಮಿಲಿಗ್ರಾಂ. ಇನ್ನೊಂದು ಸಿರಪ್, 5 ಎಂ.ಎಲ್.ಗೆ 125. ಮತ್ತೊಂದು ಅದರ ದುಪ್ಪಟ್ಟು ಗಟ್ಟಿ, 5 ಎಂ.ಎಲ್.ಗೆ 250. ಮೂರನ್ನೂ ಒಂದೇ ಚಮಚದಲ್ಲಿ ಅಳೆದಿದ್ದರು. ಆ ಚಮಚವೂ ಕವರಿನಲ್ಲೇ ಇತ್ತು, ಉಪ್ಪಿಟ್ಟು ತಿನ್ನುವ ಸ್ಟೀಲ್ ಚಮಚ. ಸಿರಿಂಜಿನಲ್ಲಿ ನೀರು ತೆಗೆದು ಅದಕ್ಕೆ ತುಂಬಿಸಿದೆ. 9 ಎಂ.ಎಲ್. ಹಿಡಿಯಿತು. ಅವತ್ತಿನಿಂದ ಯಾರು ಚಮಚ ತಂದರೂ ಅಳೆದು ನೋಡುವ ಚಟ ಹತ್ತಿದೆ ನನಗೆ. ಇದುವರೆಗೆ ಸಿಕ್ಕ ಅತಿ ಚಿಕ್ಕದು 3 ಎಂ.ಎಲ್., ಅತಿ ದೊಡ್ಡದು 14.

ಈಗ ನಿಮ್ಮ ಮಗಳ ಲೆಕ್ಕ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಒಂದು ಕೆ.ಜಿ. ತೂಕಕ್ಕೆ 15 ಮಿಲಿಗ್ರಾಂ. 10 ಕೆ.ಜಿ.ಗೆ 150 ಮಿಲಿಗ್ರಾಂ. ಡ್ರಾಪ್ಸ್ ಆದರೆ 1.5 ಎಂ.ಎಲ್., 125ರ ಸಿರಪ್ ಆದರೆ 6 ಎಂ.ಎಲ್., 250ರ ಸಿರಪ್ ಆದರೆ 3 ಎಂ.ಎಲ್. ಮೂರರಲ್ಲಿ ಒಂದನ್ನೇ ಮನೆಯಲ್ಲಿಡಿ. ಒಂದು ಸಲ ಕೊಟ್ಟ ಮೇಲೆ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಬಾಟಲಿಯ ಜೊತೆ ಬರುವ ಗೆರೆಯಿರುವ ಮುಚ್ಚಳದಲ್ಲೇ ಅಳೆಯಿರಿ. ಅದು ಕಳೆದುಹೋಗಿದ್ದರೆ, ಕಳೆದೇ ಹೋಗಿರುತ್ತದೆ ಬಿಡಿ, ಸೂಜಿ ಇಲ್ಲದ 5 ಎಂ.ಎಲ್. ಸಿರಿಂಜ್ ಒಂದನ್ನು ಕೊಂಡಿಟ್ಟುಕೊಳ್ಳಿ. ಹತ್ತು ರೂಪಾಯಿ ಒಳಗೆ ಸಿಗುತ್ತದೆ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಅಮ್ಮ ಒಂದು ಸಲ, ಗೊತ್ತಿಲ್ಲದೆ ಅಪ್ಪ ಇನ್ನೊಂದು ಸಲ ಕೊಟ್ಟಿರುತ್ತಾರೆ.

ಜ್ವರ 102ರಿಂದ 100ಕ್ಕೆ ಬಂತಲ್ಲ, ಔಷಧಿ ಕೆಲಸ ಮಾಡಿದೆ. 98.4ಕ್ಕೇ ಇಳಿಯಬೇಕು ಅಂತ ಹಟ ಬೇಡ. ಸಾಮಾನ್ಯ ವೈರಲ್ ಜ್ವರ ಮೂರು ದಿನ ಏರುವುದು ಇಳಿಯುವುದು ಮಾಡುತ್ತದೆ, ನಾವು ಏನೇ ಕೊಟ್ಟರೂ. ನಾನು ನೋಡುವುದು ಜ್ವರ ಸ್ವಲ್ಪ ಇಳಿದಾಗ ಮಗು ಏನು ಮಾಡುತ್ತದೆ ಅನ್ನುವುದನ್ನು. ಎದ್ದು ಟಿ.ವಿ. ರಿಮೋಟಿಗೆ ಜಗಳ ಆಡಿದರೆ ನನಗೆ ಅರ್ಧ ಧೈರ್ಯ. 99 ಇದ್ದರೂ ಮಂಕಾಗಿ ಬಿದ್ದಿದ್ದರೆ, ನೀರು ಕುಡಿಯದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಮಾಡದಿದ್ದರೆ ತಡ ಮಾಡದೆ ತೋರಿಸಿ. ಮೂರು ತಿಂಗಳ ಒಳಗಿನ ಕೂಸಿಗೆ 100.4 ದಾಟಿದರೆ ಮನೆಯಲ್ಲಿ ಯಾವ ಲೆಕ್ಕವೂ ಬೇಡ, ನೇರವಾಗಿ ಆಸ್ಪತ್ರೆಗೆ.

ಮೆಫೆನಾಮಿಕ್ ಬೇಡ. ಬೆಂಗಳೂರಿನಲ್ಲಿ ಇದ್ದೀರಿ, ಡೆಂಗಿ ನಿಮಗೆ ಹೊಸದಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. ಜ್ವರ ಡೆಂಗಿಯದ್ದಾಗಿದ್ದರೆ ಮೆಫೆನಾಮಿಕ್, ಐಬುಪ್ರೊಫೇನ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿಯಲ್ಲಿ ಇನ್ನೊಂದು ಮೋಸವಿದೆ. ನಾಲ್ಕನೇ ಐದನೇ ದಿನ ಜ್ವರ ಬಿಡುತ್ತದೆ, ಮನೆಯವರು ‘ಅಬ್ಬ’ ಅಂತ ಉಸಿರು ಬಿಡುತ್ತಾರೆ. ತೊಂದರೆ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಿನ ಕೈಕಾಲು, ಒಸಡಿನಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಅಂತ ನೋಡಬೇಡಿ, ಹೊರಡಿ.

*

ನನ್ನ ಮಗನಿಗೆ ಜ್ವರ ಬಂದು ಫಿಟ್ಸ್ ಆಯಿತು. ಅಕ್ಕಪಕ್ಕದವರು ಕೈಗೆ ಬೀಗದ ಕೈ ಕೊಟ್ಟರು, ಈರುಳ್ಳಿ ಜಜ್ಜಿ ಮೂಸಿಸಿದರು, ಹಲ್ಲಿನ ಮಧ್ಯೆ ಚಮಚ ಇಟ್ಟರು. ಈಗ ಚೆನ್ನಾಗಿದ್ದಾನೆ. ಮುಂದೆ ಮೂರ್ಛೆ ರೋಗ ಆಗುತ್ತಾ ಅಂತ ರಾತ್ರಿ ನಿದ್ದೆ ಇಲ್ಲ.
– ಒಬ್ಬ ತಾಯಿ, ಹಿರಿಯೂರು

ನೋಡಿ, ಇಲ್ಲೂ ಚಮಚ ಬಂತು!

ತಾಯಿ, ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನನ್ನ ಮಗನಿಗೂ ಹೀಗೇ ಆಗಿತ್ತು, ಒಂದೂವರೆ ವರ್ಷದವನಿದ್ದಾಗ. ಯುಗಾದಿಯ ಹಿಂದಿನ ರಾತ್ರಿ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿಯುತ್ತಿದ್ದೆ. ಅತ್ತೆ ಕೂಗಿದರು. ಹೋಗಿ ನೋಡಿದರೆ ಕಣ್ಣು ಮೇಲೆ ಹೋಗಿದೆ, ಕೈಕಾಲು ಜಗ್ಗುತ್ತಿವೆ, ಬಾಯಲ್ಲಿ ನೊರೆ. ಅಷ್ಟು ಹೊತ್ತಿಗೆ ಇಂಥ ನೂರಾರು ಮಕ್ಕಳನ್ನು ನೋಡಿದ್ದ ಡಾಕ್ಟರು ನಾನು. ಒಂದೂ ನೆನಪಾಗಲಿಲ್ಲ. ಅತ್ತೆ ಬೀರುವಿನ ಬೀಗದ ಕೈ ತಂದು ಅವನ ಅಂಗೈಗೆ ಒತ್ತಿದರು. ನಾನು ‘ಬೇಡ’ ಅನ್ನಲೂ ಇಲ್ಲ. ಕಾಲು ಗಂಟೆ ಆಗಿರಬೇಕು ಅಂದುಕೊಂಡಿದ್ದೆ. ನನ್ನ ಗಂಡ ಗಡಿಯಾರ ನೋಡಿದ್ದರು, ಒಂದೂವರೆ ನಿಮಿಷವಂತೆ. ಆ ಮಗ ಈಗ ಎಂಜಿನಿಯರಿಂಗ್ ಮುಗಿಸಿ ನನಗೇ ಬುದ್ಧಿ ಹೇಳುತ್ತಾನೆ.

ಇದು ಜ್ವರದ ಫಿಟ್ಸ್. ಆರು ತಿಂಗಳಿಂದ ಐದು ವರ್ಷದ ಒಳಗೆ, ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ. ಬೀಗದ ಕೈಗೆ ಒಳ್ಳೆ ಹೆಸರು ಬಂದಿರುವುದೂ ಅದಕ್ಕೇ. ಹುಡುಕಿ ತರುವಷ್ಟರಲ್ಲಿ ಫಿಟ್ಸ್ ಮುಗಿದಿರುತ್ತದೆ. ಬೀಗದ ಕೈಯಿಂದ ಕೆಡುಕಿಲ್ಲ, ಈರುಳ್ಳಿಯಿಂದ ಉಪಯೋಗವಿಲ್ಲ. ಚಮಚ ಮಾತ್ರ ಖಂಡಿತ ಬೇಡ. ಹಲ್ಲು ಮುರಿದು ಗಂಟಲಿಗೆ ಹೋಗಬಹುದು. ನಾಲಿಗೆ ನುಂಗಿಕೊಳ್ಳುತ್ತದೆ ಅನ್ನುವುದು ಸುಳ್ಳು.

ಇನ್ನೊಂದು ಸಲ ಬಂದರೆ ಮಗುವನ್ನು ನೆಲದ ಮೇಲೆ ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿಸಿ, ನೊರೆ ಹೊರಗೆ ಹರಿಯಲಿ. ಕತ್ತಿನ ಹತ್ತಿರದ ಗುಂಡಿ ಬಿಚ್ಚಿ. ಬಾಯಿಗೆ ನೀರು, ಔಷಧಿ ಏನೂ ಹಾಕಬೇಡಿ. ಯಾರಾದರೂ ಒಬ್ಬರು ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬೇಗ ನಿಂತರೂ ಅವತ್ತೇ ಡಾಕ್ಟರಿಗೆ ತೋರಿಸಿ, ಜ್ವರ ಯಾವುದರದ್ದು, ಮೆದುಳು ಜ್ವರ ಅಲ್ಲ ತಾನೇ ಅಂತ ಅವರು ನೋಡಬೇಕು. ಐದು ನಿಮಿಷ ದಾಟಿದಾಗ ಮೂಗಿಗೆ ಹೊಡೆಯುವ ಸ್ಪ್ರೇ ಒಂದಿದೆ, ಬೇಕಾ ಅಂತ ಅವರನ್ನೇ ಕೇಳಿ.

ಮೂವರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರುತ್ತದೆ. ಜ್ವರ ಶುರುವಾದ ಕೂಡಲೇ ಪ್ಯಾರಾಸಿಟಮಾಲ್ ಹಾಕಿ ಇದನ್ನು ತಡೆಯಲು ಆಗುವುದಿಲ್ಲ, ಹಾಗಾಗಿ ‘ನಾನು ತಡ ಮಾಡಿದೆ’ ಅಂತ ಕೊರಗಬೇಡಿ. ಮೂರ್ಛೆ ರೋಗಕ್ಕೆ ತಿರುಗುವುದು ತೀರಾ ಅಪರೂಪ. ನಿದ್ದೆ ಮಾಡಿ.

*

ಸೊಸೆ ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಾಳೆ. ಕೂಸಿಗೆ 40 ದಿನ. ನಾನು ಮೂವರನ್ನು ಬೆಳೆಸಿದವಳು. ಮೂಗಿಗೆ ಎಣ್ಣೆ ಬಿಡಬೇಡಿ, ಬಜೆ ತೇಯಬೇಡಿ, ಸಾಂಬ್ರಾಣಿ ಹೊಗೆ ಬೇಡ, ಕಣ್ಣಿಗೆ ಕಾಡಿಗೆ ಬೇಡ ಅಂತಾಳೆ. ಫೋನಿನಲ್ಲಿ ನೋಡಿದ್ದಂತೆ. ಎಲ್ಲವೂ ತಪ್ಪಾ ಡಾಕ್ಟರಮ್ಮ?
– ಒಬ್ಬ ಅಜ್ಜಿ, ಅರಸೀಕೆರೆ

ಎಲ್ಲವೂ ತಪ್ಪಲ್ಲ ಅಮ್ಮ. ಮೈಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತೀರಲ್ಲ, ಆ ಕೈಚಳಕ ನನಗೂ ಬರುವುದಿಲ್ಲ. ಬಿಸಿ ಮಾತ್ರ ಹದವಾಗಿರಲಿ. ಕೊಬ್ಬರಿ ಎಣ್ಣೆ ಚರ್ಮಕ್ಕೆ ಒಳ್ಳೆಯದು. ಒಳಲೆಯಲ್ಲಿ ಹಾಲು ಕುಡಿಸುವುದು ನಿಮ್ಮ ಕಾಲದವರಿಗೆ ಗೊತ್ತಿತ್ತು. ತಾಯಿಯ ಎದೆ ಕಚ್ಚಲಾಗದ ಸಣ್ಣ ಕೂಸುಗಳಿಗೆ ಹಿಂಡಿದ ಹಾಲನ್ನು ಇವತ್ತೂ ಆಸ್ಪತ್ರೆಯಲ್ಲಿ ಅದೇ ಥರದ ಪಾತ್ರೆಯಲ್ಲಿ ಕುಡಿಸುತ್ತಾರೆ. ಬಾಟಲಿಗಿಂತ ಅದು ಎಷ್ಟೋ ಮೇಲು.

ಆದರೆ ನೀವು ಬರೆದ ನಾಲ್ಕೂ ವಿಷಯದಲ್ಲಿ ನಾನು ನಿಮ್ಮ ಸೊಸೆ ಪಕ್ಷ. ಮೂಗಿಗೆ ಬಿಟ್ಟ ಎಣ್ಣೆ ಹೊಟ್ಟೆಗೆ ಹೋಗುತ್ತದೆ ಅಂದುಕೊಂಡಿದ್ದೇವೆ. ಕೆಲವು ಸಲ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಸಿಗೆ ಕೆಮ್ಮಿ ಅದನ್ನು ಹೊರಗೆ ಹಾಕುವ ಶಕ್ತಿ ಇರುವುದಿಲ್ಲ. ಅಂಥ ನ್ಯುಮೋನಿಯಾಗೆ ಆಂಟಿಬಯಾಟಿಕ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು ತಿಂಗಳ ಒಂದು ಮಗು ಹೀಗೆ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದುದನ್ನು ನೋಡಿದ್ದೇನೆ. ಹೊಗೆಯೂ ಅಷ್ಟೇ, ತಲೆಗೂದಲು ಒಣಗಿಸಲು ಮೆತ್ತನೆ ಬಟ್ಟೆ ಸಾಕು. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಸೋಂಕೂ ತರುತ್ತದೆ. ದೃಷ್ಟಿಗೆ ಬೇಕೇ ಬೇಕು ಅಂದರೆ ಅಂಗಾಲಿಗೆ ಒಂದು ಚುಕ್ಕೆ ಇಡಿ, ನಾನು ಜಗಳಕ್ಕೆ ಬರುವುದಿಲ್ಲ.

ಬಜೆ ವಿಷಯ ಕೇಳಿ. ನೀವು ಸಾಣೆಕಲ್ಲಿನ ಮೇಲೆ ಒಂದೇ ಸುತ್ತು ತೇಯುತ್ತಿದ್ದಿರಿ ಅಂತ ಗೊತ್ತು. ಈಗಿನವರು ಅಂಗಡಿಯಿಂದ ಪುಡಿ ತಂದು ಕಾಲು ಚಮಚ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಾರೆ. ಬಿಡದ ವಾಂತಿ, ಮಂಪರು ಅಂತ ಎತ್ತಿಕೊಂಡು ಬರುತ್ತಾರೆ. ಒಂದೇ ಸುತ್ತಾದರೂ ಬೇಡ ಅಮ್ಮ. ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ನೀರೂ ಬೇಡ. ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ಕೈಕಾಲು ಸೋಲಿಸುತ್ತದೆ. ನಿಮ್ಮ ಮೂವರಿಗೆ ಏನೂ ಆಗಲಿಲ್ಲ, ಸಂತೋಷ. ಆಗಿದ್ದವರ ಮನೆಯವರು ಪತ್ರ ಬರೆಯುವುದಿಲ್ಲ ಅಲ್ವಾ?

*

ಎಂಟು ತಿಂಗಳ ಮಗುವಿಗೆ ದಿನಕ್ಕೆ ಹತ್ತು ಸಲ ಭೇದಿ. ಹಲ್ಲು ಬರುತ್ತಿರುವುದರಿಂದ ಅಂತಾರೆ. ಒಆರ್‌ಎಸ್ ಕೊಟ್ಟರೆ ಮುಖ ಕಿವುಚುತ್ತದೆ. ಅಂಗಡಿಯಲ್ಲಿ ಸಿಗುವ ಸಿಹಿ ಒಆರ್‌ಎಸ್ ಡಬ್ಬಿ ಕೊಡಬಹುದೇ?
– ಕೊಪ್ಪಳದಿಂದ ಒಬ್ಬ ಓದುಗರು

ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ. ಹಲ್ಲು ಬರುವ ವಯಸ್ಸಿನಲ್ಲಿ ಮಗು ತೆವಳುತ್ತಾ ಚಪ್ಪಲಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ, ಸಂಬಂಧ ಅಲ್ಲಿದೆ. ಹತ್ತು ಸಲ ಅಂದರೆ ಸಣ್ಣದಲ್ಲ. ಇದನ್ನು ಓದುವ ಹೊತ್ತಿಗೂ ನಿಂತಿಲ್ಲದಿದ್ದರೆ ಮಗುವನ್ನು ಇವತ್ತೇ ತೋರಿಸಿ.

ಡಬ್ಬಿಯ ಸಿಹಿ ಪಾನಕ ಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಬೇಕಾದ ಉಪ್ಪು ಕಮ್ಮಿ. ಕರುಳಿನೊಳಗೆ ಸಕ್ಕರೆ ಜಾಸ್ತಿಯಾದರೆ ಅದೇ ಇನ್ನಷ್ಟು ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಒಆರ್‌ಎಸ್ ಅನ್ನುವ ಪದ ಹಾಕಕೂಡದು ಅಂತ ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ ಪುಡಿ ಅಂತ ಪೊಟ್ಟಣದ ಮೇಲೆ ಬರೆದಿದೆಯಾ ನೋಡಿ ತನ್ನಿ. ಆಶಾ ಕಾರ್ಯಕರ್ತೆ ಹತ್ತಿರ ಪುಕ್ಕಟೆ ಸಿಗುತ್ತದೆ.

ಇಲ್ಲಿ ಅಳತೆ ತಪ್ಪಿದರೆ ಔಷಧಿಯೇ ವಿಷ. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. 200 ಎಂ.ಎಲ್.ಗೆ ಅಂತ ಸಣ್ಣ ಪೊಟ್ಟಣವೂ ಬರುತ್ತದೆ. ಒಬ್ಬ ತಂದೆ ದೊಡ್ಡ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದು ಕುಡಿಸಿದ್ದರು, ‘ಗಟ್ಟಿಯಾಗಿದ್ರೆ ಬೇಗ ಹಿಡಿಯುತ್ತೆ’ ಅಂತ. ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬಂತು. ಪ್ರಯಾಣದಲ್ಲಿ ಕೊಂಡ ಒಂದು ಲೀಟರಿನ ನೀರಿನ ಬಾಟಲಿ ಮನೆಯಲ್ಲಿ ಇದ್ದೇ ಇರುತ್ತದೆ, ತೊಳೆದು ಅದರಲ್ಲೇ ಅಳೆಯಿರಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ನಿಮ್ಮ ಮಗುವಿಗೆ ಒಂದೊಂದು ಭೇದಿಗೂ 50ರಿಂದ 100 ಎಂ.ಎಲ್. ಒಂದೇ ಸಲ ಕುಡಿಸಿದರೆ ವಾಂತಿ ಮಾಡುತ್ತದೆ, ನಿಮಿಷಕ್ಕೆ ಒಂದು ಚಮಚದಂತೆ ಹಾಕುತ್ತಾ ಬನ್ನಿ. ಇಲ್ಲಿ ಉಪ್ಪಿಟ್ಟಿನ ಚಮಚವಾದರೂ ನಡೆಯುತ್ತದೆ. ಮುಖ ಕಿವುಚಿದರೆ ಕಿವುಚಲಿ. ಎದೆಹಾಲು ನಿಲ್ಲಿಸಬೇಡಿ, ಗಂಜಿ, ಬೇಳೆ ಕಟ್ಟು, ಬಾಳೆಹಣ್ಣು ಎಲ್ಲ ಕೊಡಿ. ಜೊತೆಗೆ ಸತು, ಅದೇ ಝಿಂಕ್, ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ಮೂರನೇ ದಿನ ನಿಂತರೂ ಹದಿನಾಲ್ಕೂ ದಿನ ಕೊಡಬೇಕು.

ಈ ಉಪ್ಪು-ಸಕ್ಕರೆ ನೀರನ್ನು ಕೀಳಾಗಿ ನೋಡುವವರು ನಮ್ಮಲ್ಲಿ ಜಾಸ್ತಿ. ‘ಒಂದು ಡ್ರಿಪ್ ಹಾಕಿಬಿಡಿ’ ಅಂತಾರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ಸೇರಿದಾಗ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಾಲನೋಬಿಸ್ ಅನ್ನುವ ಮಕ್ಕಳ ವೈದ್ಯರು ಉಪ್ಪು, ಗ್ಲೂಕೋಸ್, ಸೋಡಾ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು, ಕುಡಿಸುವ ಕೆಲಸ ಮನೆಯವರಿಗೇ ಬಿಟ್ಟರು. ಶಿಬಿರದಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

*

ಎರಡೂವರೆ ವರ್ಷದ ಮಗಳು ಊಟವೇ ಮಾಡುವುದಿಲ್ಲ. ಪುಣ್ಯಕ್ಕೆ ಹಾಲು ಚೆನ್ನಾಗಿ ಕುಡಿಯುತ್ತಾಳೆ, ದಿನಕ್ಕೆ ಐದು ಬಾಟಲಿ. ಗೋಡೆಯ ಸುಣ್ಣ ಕೆರೆದು ತಿನ್ನುತ್ತಾಳೆ. ಹಸಿವಾಗಲು ಟಾನಿಕ್ ಹೇಳಿ.
– ಒಬ್ಬ ಶಿಕ್ಷಕಿ, ತುಮಕೂರು

ಟಾನಿಕ್ ಹೇಳುವುದಿಲ್ಲ, ಬೈದುಕೊಳ್ಳಬೇಡಿ. ಐದು ಬಾಟಲಿ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್ ಮೇಲೆ. ಹೊಟ್ಟೆ ತುಂಬಿದ ಮಗು ಅನ್ನ ಯಾಕೆ ತಿನ್ನಬೇಕು? ಊಟ ಮಾಡುವುದಿಲ್ಲ ಅಂತ ಹಾಲು ಕೊಡುತ್ತೀರಿ, ಹಾಲು ಕುಡಿದಳು ಅಂತ ಅವಳು ಊಟ ಮಾಡುವುದಿಲ್ಲ.

ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಮ್ಮಿ. ಬೇರೆ ಊಟದಲ್ಲಿರುವ ಕಬ್ಬಿಣವೂ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಸುಣ್ಣ, ಮಣ್ಣು, ಬಳಪ ತಿನ್ನುವ ಮಗುವನ್ನು ಕಂಡರೆ ನಾನು ಕೆಳಗಿನ ಕಣ್ಣರೆಪ್ಪೆ ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡುತ್ತೇನೆ. ನೀವೂ ನಿಮ್ಮದನ್ನು ಕನ್ನಡಿಯಲ್ಲಿ ನೋಡಿಕೊಂಡು ಅವಳದ್ದನ್ನು ಹೋಲಿಸಿ. ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ ಹಿಮೋಗ್ಲೋಬಿನ್ 11 ಇರಬೇಕು. ನಿಮ್ಮ ಮಗಳದು 8ರ ಆಸುಪಾಸು ಬಂದರೆ ನನಗೆ ಆಶ್ಚರ್ಯವಿಲ್ಲ. ನೀವೊಬ್ಬರೇ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತ ಕಮ್ಮಿ ಅಂತ ಬಂದಿದೆ. ಇದು ಬಡವರ ಮನೆ ಕಾಯಿಲೆ ಅನ್ನುವ ಭ್ರಮೆಯೂ ಬೇಡ. ನನ್ನ ಕ್ಲಿನಿಕ್ಕಿಗೆ ಬರುವ ತೀರಾ ಬಿಳಿಚಿದ ಮಕ್ಕಳಲ್ಲಿ ಮನೆ ತುಂಬ ಹಸು ಕಟ್ಟಿದವರ ಮಕ್ಕಳೂ ಇದ್ದಾರೆ.

ಈಗ ಮಾಡಬೇಕಾದ್ದು. ಬಾಟಲಿಯನ್ನು ಎಸೆಯಿರಿ, ಬಚ್ಚಿಡಬೇಡಿ. ಬಚ್ಚಿಟ್ಟರೆ ರಾತ್ರಿ ಎರಡು ಗಂಟೆಗೆ ನೀವೇ ತೆಗೆದು ಕೊಡುತ್ತೀರಿ. ಹಾಲು ಲೋಟದಲ್ಲಿ ಮಾತ್ರ, ದಿನಕ್ಕೆ ಎರಡು ಲೋಟ, ಒಟ್ಟು 400 ಎಂ.ಎಲ್. ಮೀರದಂತೆ, ಊಟವಾದ ಮೇಲೆ. ಮೊದಲ ಮೂರು ದಿನ ನರಕ. ಅಜ್ಜಿ ಅಳುತ್ತಾರೆ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ನಾಲ್ಕನೇ ದಿನ ಮಗು ನಿಮ್ಮ ತಟ್ಟೆಗೆ ಕೈ ಹಾಕುತ್ತದೆ. ಹೆಸರುಕಾಳು, ನುಗ್ಗೆಸೊಪ್ಪಿನ ಪಲ್ಯ, ಮೊಟ್ಟೆ, ಮಾಂಸ ತಿನ್ನುವವರಾದರೆ ಈಲಿ (ಕುರಿಯ ಯಕೃತ್ತು) ಕೊಡಿ. ರಾಗಿ ಮುದ್ದೆಗೆ ಸೊಪ್ಪಿನ ಸಾರು ಹಾಕಿ ಮೇಲೆ ನಿಂಬೆಹುಳಿ ಹಿಂಡಿ, ಕಬ್ಬಿಣ ಮೈಗೆ ಹತ್ತಲು ಆ ಹುಳಿ ಬೇಕು. ‘ಒಂದೇ ಗುಟುಕು’ ಅಂತ ಕಾಫಿ ಕೊಡುವುದನ್ನು ನಿಲ್ಲಿಸಿ.

ರಕ್ತ ಕಮ್ಮಿ ಅಂತ ಬಂದರೆ ಊಟವೊಂದೇ ಸಾಲದು, ಡಾಕ್ಟರು ತೂಕ ನೋಡಿ ಕಬ್ಬಿಣದ ಡ್ರಾಪ್ಸ್ ಬರೆಯುತ್ತಾರೆ. ಕಕ್ಕಸ್ಸು ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಮಗು ಲವಲವಿಕೆಯಾದ ಮೇಲೂ ಎರಡು ಮೂರು ತಿಂಗಳು ಕೊಡಬೇಕು. ಆ ಬಾಟಲಿಯನ್ನು ಅಟ್ಟದ ಮೇಲಿಡಿ. ಕಬ್ಬಿಣದ ಸಿರಪ್ಪನ್ನು ಮಗು ಒಂದೇ ಸಲ ಕುಡಿದರೆ ಪ್ರಾಣಕ್ಕೆ ಬರುತ್ತದೆ. ರಕ್ತ ಸರಿಯಿದ್ದರೂ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಸಲ 1 ಎಂ.ಎಲ್. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಯೋಜನೆ ಇದೆ, ಆಶಾ ಅವರನ್ನು ಕೇಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಬಾಟಲಿ ಸೀಲು ಒಡೆಯದೆ ದೇವರ ಗೂಡಿನಲ್ಲಿದೆ.

*

ಮಗ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ. ಹೊಟ್ಟೆಯಲ್ಲಿ ಹುಳವೇ?
– ದಾವಣಗೆರೆಯ ಓದುಗರು

ಹಲ್ಲು ಕಡಿಯುವುದಕ್ಕೂ ಹುಳಕ್ಕೂ ಸಂಬಂಧವಿಲ್ಲ. ಹುಳದ ಮಾತ್ರೆ ಮಾತ್ರ ಆರು ತಿಂಗಳಿಗೊಮ್ಮೆ ಕೊಡಿಸಿ. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಅಂಗನವಾಡಿ, ಶಾಲೆಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಮೇಲಿನವರಿಗೆ ಒಂದು. ಇಡೀ ಮಾತ್ರೆ ನುಂಗಿಸಬೇಡಿ, ಗಂಟಲಿಗೆ ಸಿಕ್ಕೀತು. ಸಣ್ಣವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ, ದೊಡ್ಡವರು ಜಗಿಯಲಿ.

*

ನಾಲ್ಕು ವರ್ಷದ ಮಗನಿಗೆ ತಿಂಗಳಿಗೊಮ್ಮೆ ಕೆಮ್ಮು, ಗೊರಗೊರ ಸದ್ದು. ಡಾಕ್ಟರು ಇನ್‌ಹೇಲರ್ ಬರೆದಿದ್ದಾರೆ. ಅಭ್ಯಾಸವಾಗಿಬಿಡುತ್ತದೆ, ಬದಲಿಗೆ ಕೆಮ್ಮಿನ ಸಿರಪ್ಪೇ ಸಾಕು ಅಂತ ಮನೆಯವರೆಲ್ಲ ಹೇಳುತ್ತಾರೆ. ಅಡಿಕೆ ಬೇಯಿಸುವ ದಿನಗಳಲ್ಲಿ ಇನ್ನೂ ಜಾಸ್ತಿ.
– ಒಬ್ಬ ತಾಯಿ, ತೀರ್ಥಹಳ್ಳಿ

ಅಡಿಕೆ ಒಲೆಯ ಹೊಗೆಗೆ ಜಾಸ್ತಿಯಾಗುತ್ತದೆ ಅಂತ ನೀವೇ ಗಮನಿಸಿದ್ದೀರಿ, ಅರ್ಧ ರೋಗ ನೀವೇ ಪತ್ತೆ ಮಾಡಿದಂತಾಯಿತು. ಆ ದಿನಗಳಲ್ಲಿ ಮಗನನ್ನು ಒಲೆಯಿಂದ, ಅಡಿಕೆ ಸುಲಿಯುವ ಚಪ್ಪರದ ದೂಳಿನಿಂದ ದೂರ ಇಡಿ.

ಇನ್‌ಹೇಲರ್ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಮನೆಯವರಿಗೆ ಓದಿ ಹೇಳಿ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಸಿರಪ್ 5 ಎಂ.ಎಲ್.ನಲ್ಲಿ 2 ಮಿಲಿಗ್ರಾಂ ಔಷಧಿ ಇರುತ್ತದೆ. ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಟೀ ಚಮಚ ಸಿರಪ್ಪು 20 ಪಫ್‌ಗೆ ಸಮ. ಸಿರಪ್ಪು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಗುಟ್ಟಿಸಿ, ಕೊನೆಗೆ ಶ್ವಾಸನಾಳಕ್ಕೆ ಬರುತ್ತದೆ. ಇನ್‌ಹೇಲರ್ ನೇರ ಅಲ್ಲಿಗೇ. ಯಾವುದು ‘ಸ್ಟ್ರಾಂಗು’ ನೀವೇ ಹೇಳಿ. ಅಭ್ಯಾಸವಾಗುವುದಿಲ್ಲ, ಕಾಯಿಲೆ ಹತೋಟಿಗೆ ಬಂದ ಹಾಗೆ ಡಾಕ್ಟರೇ ಕಡಿಮೆ ಮಾಡುತ್ತಾ ಬರುತ್ತಾರೆ. ಎಷ್ಟೋ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಇದು ತಾನಾಗಿ ಕಮ್ಮಿಯಾಗುತ್ತದೆ. ನಾಲ್ಕು ವರ್ಷದವನಿಗೆ ಸ್ಪೇಸರ್ ಅನ್ನುವ ಕೊಳವೆಯೊಂದಿಗೇ ಕೊಡಬೇಕು, ಬರೀ ಇನ್‌ಹೇಲರ್ ಬಾಯಿಗೆ ಹೊಡೆದರೆ ಔಷಧಿ ನಾಲಿಗೆ ಮೇಲೆ ಕೂರುತ್ತದೆ.

ಕೆಮ್ಮಿನ ಸಿರಪ್ ಕಥೆ 2025ರಲ್ಲಿ ನೀವೆಲ್ಲ ಓದಿದ್ದೀರಿ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಸೋತು ಸತ್ತರು, ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತು. ಆಗ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂತ ಹೇಳಿತು. ವಿಷವಿಲ್ಲದ ಸಿರಪ್ಪಿನಿಂದಲೂ ಸಣ್ಣ ಮಕ್ಕಳಿಗೆ ಹೇಳಿಕೊಳ್ಳುವ ಉಪಯೋಗವಿಲ್ಲ. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ, ಒಂದು ವರ್ಷ ದಾಟಿದವರಿಗೆ ರಾತ್ರಿ ಅರ್ಧ ಚಮಚ ಜೇನು.

ಸಿರಪ್ ಹುಡುಕುವ ಬದಲು ಉಸಿರು ಎಣಿಸುವುದನ್ನು ಕಲಿಯಿರಿ. ಮಗು ಮಲಗಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ, ಎರಡು ತಿಂಗಳಿಂದ ಒಂದು ವರ್ಷದವರಿಗೆ 50 ಮುಟ್ಟಿದರೆ ಅದು ಬರೀ ನೆಗಡಿಯಲ್ಲ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲು ಏದುಸಿರು ಬಂದರೆ ಎಣಿಸುತ್ತಲೂ ಕೂರಬೇಡಿ.

*

ನಾನು ಐದನೇ ಕ್ಲಾಸ್. ಸ್ಕೂಲಲ್ಲಿ ಇಂಜೆಕ್ಷನ್ ಹಾಕ್ತಾರಂತೆ. ಪೋಲಿಯೋ ಥರ ಬಾಯಿಗೆ ಎರಡು ಹನಿ ಹಾಕಿದ್ರೆ ಆಗಲ್ವಾ?
– ಹುಡುಗನೊಬ್ಬ, ಊರು ಬರೆದಿಲ್ಲ

ಒಳ್ಳೆ ಪ್ರಶ್ನೆ ಪುಟ್ಟ, ದೊಡ್ಡವರು ಯಾರೂ ಇದನ್ನು ಕೇಳಿಲ್ಲ. ಪೋಲಿಯೋ ವೈರಸ್ ಕರುಳಿನಲ್ಲಿ ಬೆಳೆಯುವಂಥದ್ದು, ಹಾಗಾಗಿ ಹನಿ ನುಂಗಿದರೆ ಲಸಿಕೆ ಕೆಲಸ ಮಾಡುತ್ತದೆ. ನಿನಗೆ ಈಗ ಹಾಕುವುದು ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ. 10 ವರ್ಷಕ್ಕೆ ಒಂದು, 16ಕ್ಕೆ ಇನ್ನೊಂದು. ಅದು ಒಂದು ಥರದ ಪ್ರೋಟೀನ್. ಬಾಯಿಗೆ ಹಾಕಿದರೆ ನಿನ್ನ ಹೊಟ್ಟೆ ಅದನ್ನು ಬೆಳಗಿನ ದೋಸೆ ಜೊತೆ ಸೇರಿಸಿ ಜೀರ್ಣ ಮಾಡಿಬಿಡುತ್ತದೆ.

ಅರ್ಧ ಎಂ.ಎಲ್. ಅಷ್ಟೇ ಹಾಕುವುದು, ಒಂದು ಟೀ ಚಮಚದ ಹತ್ತನೇ ಒಂದು ಭಾಗ. ಬಲಗೈಯಲ್ಲಿ ಬರೆಯುವವನಾದರೆ ಎಡತೋಳಿಗೆ ಹಾಕಿ ಅಂತ ಸಿಸ್ಟರಿಗೆ ಹೇಳು. ಎರಡು ದಿನ ನೋಯುತ್ತದೆ. ಎಡಗೈಯವನಾದರೂ ಎಡತೋಳಿಗೇ ಹಾಕಿಸಿಕೊಂಡು ಹೋಮ್‌ವರ್ಕ್ ತಪ್ಪಿಸುವ ಯೋಚನೆ ಇದ್ದರೆ, ಆ ಉಪಾಯ ನನ್ನ ಮಗನಿಗೂ ಹೊಳೆದಿತ್ತು.